ಡಚ್, ಇಂಗ್ಲಿಷ್ ಮಾತಾಡಲು ಜೊತೆಗಾರರು ಬೇಕೇ? ‘ಫ್ರೀ ಫಾರಿನ್ ಪಾರ್ಟ್ನರ್’ ಮೆಸೇಜ್ ನಂಬುವ ಮೊದಲು ಇದನ್ನು ಓದಿ

‘30 ದಿನದಲ್ಲಿ ಇಂಗ್ಲಿಷ್ ಗ್ಯಾರಂಟಿ’, ‘ಡಚ್ ಕಲಿತರೆ ನೆದರ್ಲ್ಯಾಂಡ್ಸ್‌ನಲ್ಲಿ ಕೆಲಸ ಖಚಿತ’, ‘ವಿದೇಶಿ ಗೆಳೆಯರ ಜೊತೆ ಉಚಿತವಾಗಿ ಮಾತಾಡಿ, ಈ ಲಿಂಕ್ ಒತ್ತಿ’. ಇಂಥ ಮೆಸೇಜ್‌ಗಳು ನಿಮ್ಮ ಕಾಲೇಜು ಗ್ರೂಪಿಗೋ ಮನೆಯವರ ಗ್ರೂಪಿಗೋ ಬಂದೇ ಇರುತ್ತವೆ. ಕೆಲವನ್ನು ನೀವೂ ಮುಂದಕ್ಕೆ ಕಳಿಸಿರಬಹುದು.

ಇವುಗಳಲ್ಲಿ ಒಂದು ಸತ್ಯ ಅಡಗಿದೆ. ಭಾಷೆ ಬಾಯಿಗೆ ಬರಬೇಕಾದರೆ ಮಾತಾಡಲು ಒಬ್ಬರು ಬೇಕು. ಆ ಸತ್ಯದ ಸುತ್ತ ಸುಳ್ಳನ್ನೂ ಕೆಲವೊಮ್ಮೆ ಮೋಸವನ್ನೂ ಸುತ್ತಿ ಕಳಿಸುತ್ತಾರೆ. ಬೀದರ್ ನಗರ, ಭಾಲ್ಕಿ, ಔರಾದ್ ಕಡೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನ್ನೂ ಬೇರ್ಪಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಭಾಷಾ ವಿನಿಮಯ ಎಂದರೆ ಕೊಡು-ಕೊಳ್ಳುವ ವ್ಯವಹಾರ. ನಿಮ್ಮ ಭಾಷೆ ನೀವು ಕೊಡುತ್ತೀರಿ, ಅವರ ಭಾಷೆ ಅವರು ಕೊಡುತ್ತಾರೆ. ಇಲ್ಲಿ ಹಣಕ್ಕೆ ಜಾಗವಿಲ್ಲ.
• ಇಂಗ್ಲಿಷ್‌ಗೆ ಜೊತೆಗಾರರು ನಿಮ್ಮ ಊರಲ್ಲೇ ಸಿಗುತ್ತಾರೆ. ಡಚ್‌ಗೆ ಆನ್‌ಲೈನ್ ಬೇಕು, ಅದಕ್ಕೂ ಸುರಕ್ಷಿತ ದಾರಿಗಳಿವೆ.
• 30 ದಿನದಲ್ಲಿ ಯಾವ ಭಾಷೆಯೂ ಪೂರ್ತಿ ಬರುವುದಿಲ್ಲ.
• ಗಿಫ್ಟ್, ಕಸ್ಟಮ್ಸ್, ವೀಸಾ ಶುಲ್ಕದ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಭಾಷಾ ವಿನಿಮಯ ಎಂದರೇನು?

ಇಬ್ಬರು ಕೂರುತ್ತಾರೆ, ಅಥವಾ ಫೋನಿನಲ್ಲಿ ಸೇರುತ್ತಾರೆ. ಮೊದಲ ಅರ್ಧ ಗಂಟೆ ಒಬ್ಬರಿಗೆ ಬೇಕಾದ ಭಾಷೆ, ಮುಂದಿನ ಅರ್ಧ ಗಂಟೆ ಇನ್ನೊಬ್ಬರಿಗೆ ಬೇಕಾದ ಭಾಷೆ. ಇಷ್ಟೇ. ಇಲ್ಲಿ ಮೇಷ್ಟ್ರು ಇಲ್ಲ, ಫೀಸು ಇಲ್ಲ. ಇಬ್ಬರಿಗೂ ಸಮನಾಗಿ ಲಾಭ ಆಗಬೇಕು ಎನ್ನುವುದೇ ಇದರ ಮುಖ್ಯ ನಿಯಮ.

ಟ್ಯೂಷನ್ ಇರುವಾಗ ಇದೇಕೆ? ಬೀದರ್ ಕಡೆ ಬಹಳ ಜನ ಹೇಳುವ ಮಾತೊಂದಿದೆ: ‘ಇಂಗ್ಲಿಷ್ ತಿಳೀತದ, ಆದ್ರ ಮಾತಾಡ್ಲಾಕ ಬರಲ್ಲ.’ ಇದು ನಮ್ಮೊಬ್ಬರ ಸಮಸ್ಯೆ ಅಲ್ಲ. ಕೆನಡಾದಲ್ಲಿ ಪೂರ್ತಿ ಫ್ರೆಂಚ್‌ನಲ್ಲೇ ಪಾಠ ಕೇಳಿದ ಇಂಗ್ಲಿಷ್ ಮನೆಗಳ ಮಕ್ಕಳನ್ನು ಸಂಶೋಧಕಿ ಮೆರಿಲ್ ಸ್ವೇನ್ ಗಮನಿಸಿದ್ದರು. ವರ್ಷಗಟ್ಟಲೆ ಕೇಳಿದ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು, ಆದರೆ ಮಾತು ಮತ್ತು ಬರಹ ಹಿಂದೆ ಬಿದ್ದಿದ್ದವು. ಕೇಳುವುದು ಮಾತ್ರ ಸಾಲದು, ಕಲಿಯುವವರು ತಾವೇ ವಾಕ್ಯ ಕಟ್ಟಿ ಹೇಳಬೇಕು ಎಂದು 1985ರಲ್ಲಿ ಅವರು ವಾದಿಸಿದರು. ಅರವತ್ತು ಮಂದಿಯ ತರಗತಿಯಲ್ಲಿ ಒಬ್ಬೊಬ್ಬರಿಗೆ ಮಾತಾಡಲು ಒಂದು ನಿಮಿಷವೂ ಸಿಗುವುದು ಕಷ್ಟ. ಜೊತೆಗಾರರಿದ್ದರೆ ಅರ್ಧ ಗಂಟೆ ಸಿಗುತ್ತದೆ.

‘ಕೊಡಲು ನನ್ನ ಹತ್ತಿರ ಏನಿದೆ?’

ಬಹಳ ಜನ ಹಿಂಜರಿಯುವುದು ಇಲ್ಲೇ. ಆದರೆ ಕೊಡಲು ಬೀದರ್ ಜಿಲ್ಲೆಯವರ ಹತ್ತಿರ ಇರುವಷ್ಟು ಭಾಷೆ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. 1956ರ ನವೆಂಬರ್ 1ರವರೆಗೆ ಇದು ಹೈದರಾಬಾದ್ ರಾಜ್ಯದ ಭಾಗ. ಹಾಗಾಗಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ದಖ್ಖನಿ ಉರ್ದು, ಸಂತೆಯಲ್ಲಿ ಮರಾಠಿ, ತಾಂಡಾದಲ್ಲಿ ಲಂಬಾಣಿ, ಟಿವಿಯಲ್ಲಿ ಹಿಂದಿ ಎನ್ನುವುದು ಇಲ್ಲಿ ಸಾಮಾನ್ಯ. ಔರಾದ್‌ನ ಒಬ್ಬ ಹುಡುಗ ದಿನಕ್ಕೆ ಮೂರು ಭಾಷೆ ಬದಲಿಸಿದರೂ ಅದನ್ನು ಕಲಿಕೆ ಎಂದು ಯಾರೂ ಕರೆಯುವುದಿಲ್ಲ.

ಭಾಷೆ ಕಲಿಸಲು ದೊಡ್ಡ ವ್ಯವಸ್ಥೆಯೇ ಬೇಕು ಎನ್ನುವ ಮಾತಿಗೂ ಇದೇ ಜಿಲ್ಲೆ ಉತ್ತರ ಕೊಟ್ಟಿದೆ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಉರ್ದುವಿಗೇ ಆದ್ಯತೆ ಇದ್ದಾಗ, ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎನ್ನುವುದನ್ನು ಈ ಭಾಗದವರು ಇಂದಿಗೂ ನೆನೆಯುತ್ತಾರೆ.

ಇಂಗ್ಲಿಷ್‌ಗೆ ಜೊತೆಗಾರರು ಎಲ್ಲಿ ಸಿಗುತ್ತಾರೆ?

ಫಾರಿನ್‌ನಿಂದ ಯಾರೂ ಬರಬೇಕಿಲ್ಲ. ನಿಮ್ಮ ಸುತ್ತ ಕನ್ನಡ ಬೇಕಾಗಿರುವ, ಇಂಗ್ಲಿಷ್ ಬಲ್ಲವರು ಯಾರಿದ್ದಾರೆ ಎಂದು ನೋಡಿ.

ಬೀದರ್ ನಗರದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಮತ್ತು ಪಶುವೈದ್ಯಕೀಯ ಕಾಲೇಜುಗಳಿವೆ. ಹೊರಗಿನಿಂದ ಬಂದು ಓದುವವರಿಗೆ ರೋಗಿಯ ಜೊತೆ, ರೈತರ ಜೊತೆ ಮಾತಾಡಲು ಕನ್ನಡ ಬೇಕೇ ಬೇಕು. ‘ಹೊಟ್ಟಿ ನೋಯ್ಲಿಕತ್ತದ’ ಎಂದು ರೋಗಿ ಹೇಳಿದ್ದು ತಿಳಿಯದಿದ್ದರೆ ಚಿಕಿತ್ಸೆಯೇ ತಪ್ಪಬಹುದು. ಅವರಿಗೆ ನೀವು ಕನ್ನಡ ಕೊಡಿ, ಅವರಿಂದ ಇಂಗ್ಲಿಷ್ ಪಡೆಯಿರಿ.

ಭಾಲ್ಕಿಯಂಥ ತಾಲ್ಲೂಕು ಕೇಂದ್ರದ ಬ್ಯಾಂಕು, ರೈಲ್ವೆ, ಅಂಚೆ ಕಚೇರಿಗಳಿಗೆ ಬೇರೆ ರಾಜ್ಯದಿಂದ ವರ್ಗವಾಗಿ ಬಂದವರಿಗೂ ಕನ್ನಡ ಬೇಕು. ಕೌಂಟರ್‌ನಲ್ಲಿ ಜಗಳ ಆಡುವುದಕ್ಕಿಂತ ಸಂಜೆ ಅರ್ಧ ಗಂಟೆ ಕೂತು ಕನ್ನಡ ಕಲಿಸಿದರೆ ಇಬ್ಬರಿಗೂ ಒಳ್ಳೆಯದು.

ಔರಾದ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಇಂಥವರು ಕಡಿಮೆ. ಅಲ್ಲಿ ನಿಮ್ಮಷ್ಟೇ ಇಂಗ್ಲಿಷ್ ಬರುವ ಗೆಳೆಯ ಅಥವಾ ಗೆಳತಿಯನ್ನೇ ಜೊತೆ ಮಾಡಿಕೊಳ್ಳಿ. ಕೂರಲು ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಒಳ್ಳೆಯ ಜಾಗ. ನಾಲ್ಕು ಜನರ ಎದುರು ಇರುವುದರಿಂದ ಹೆಣ್ಣುಮಕ್ಕಳ ಮನೆಯವರಿಗೂ ಸಮಾಧಾನ ಇರುತ್ತದೆ.

‘ಇಬ್ಬರೂ ತಪ್ಪು ಮಾತಾಡಿದರೆ ತಪ್ಪನ್ನೇ ಕಲಿಯುವುದಿಲ್ಲವೇ?’ ಎಂದು ನೀವು ಕೇಳಬಹುದು. ಮೈಕೆಲ್ ಲಾಂಗ್ ಮತ್ತು ಪೆಟ್ರೀಷಿಯಾ ಪೋರ್ಟರ್ ಎಂಬ ಸಂಶೋಧಕರು 1985ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಲಿಯುವವರು ತಮ್ಮ ತಮ್ಮಲ್ಲೇ ಗುಂಪಾಗಿ ಮಾತಾಡಿದಾಗ ಮಾತಿಗೆ ಹೆಚ್ಚು ಅವಕಾಶ ಸಿಗುತ್ತದೆ, ಭಾಷೆ ಕೆಡುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ ಎಂದು ತೋರಿಸಿದರು. ಸಂಶಯ ಬಂದ ಪದಗಳನ್ನು ಬರೆದಿಟ್ಟುಕೊಂಡು ಮೇಷ್ಟ್ರನ್ನು ಅಥವಾ ನಿಘಂಟನ್ನು ಕೇಳಿದರೆ ಸಾಕು.

ಡಚ್ ಯಾರಿಗೆ ನಿಜಕ್ಕೂ ಬೇಕು?

ಡಚ್ ಎಂದರೆ ನೆದರ್ಲ್ಯಾಂಡ್ಸ್‌ನ ಭಾಷೆ. ಬೆಲ್ಜಿಯಂನ ಉತ್ತರ ಭಾಗದಲ್ಲೂ ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲೂ ಇದೇ ಆಡಳಿತ ಭಾಷೆ. ಒಟ್ಟು ಸುಮಾರು ಎರಡೂವರೆ ಕೋಟಿ ಜನ ಆಡುತ್ತಾರೆ. ‘ಡಚ್ ಬಂದರೆ ವೀಸಾ ಸಿಗುತ್ತದೆ’ ಎನ್ನುವ ಮೆಸೇಜ್ ಎಷ್ಟು ನಿಜ?

ಐಟಿ, ಎಂಜಿನಿಯರಿಂಗ್: ನುರಿತ ಉದ್ಯೋಗಿಗಳ ಪರವಾನಗಿಗೆ ಡಚ್ ಪರೀಕ್ಷೆ ಇಲ್ಲ. ಕೆಲಸ ಕೊಡುವ ಕಂಪನಿ ಅಲ್ಲಿನ ವಲಸೆ ಇಲಾಖೆಯಾದ ಐಎನ್‌ಡಿಯ ಮಾನ್ಯತೆ ಪಡೆದಿರಬೇಕು. ಆ ಕಂಪನಿಗಳ ಪಟ್ಟಿ ಇಲಾಖೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಡಚ್ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಈ ಪರವಾನಗಿ ಸಿಗುವುದಿಲ್ಲ.

ನರ್ಸಿಂಗ್: ಅಲ್ಲಿ ನರ್ಸ್ ಆಗಿ ದುಡಿಯಲು ‘ಬಿಐಜಿ’ ಎಂಬ ಸರ್ಕಾರಿ ನೋಂದಣಿ ಬೇಕು. ಅದಕ್ಕೆ ಓದಿನ ಪರಿಶೀಲನೆಯ ಜೊತೆ ಡಚ್ ಭಾಷೆಯೂ ಬೇಕು. ಎರಡು ತಿಂಗಳ ಕೋರ್ಸ್‌ನಿಂದ ಆಗುವ ಕೆಲಸ ಅಲ್ಲ.

ಮದುವೆ: ಡಚ್ ಪೌರತ್ವ ಇರುವವರನ್ನು ಮದುವೆಯಾಗಿ ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಹೊರಡುವ ಮೊದಲೇ ಒಂದು ಪ್ರಾಥಮಿಕ ಪರೀಕ್ಷೆ ಬರೆಯಬೇಕು. ಅದರಲ್ಲಿ ಡಚ್ ಓದು, ಮಾತು ಮತ್ತು ಆ ಸಮಾಜದ ತಿಳಿವಳಿಕೆ ಎಂಬ ಮೂರು ಭಾಗಗಳಿವೆ. ಭಾಷೆಯ ಮಟ್ಟ ‘ಎ1’, ಅಂದರೆ ಹೆಸರು, ಊರು, ಸಂಸಾರ, ಊಟದ ಬಗ್ಗೆ ಸರಳವಾಗಿ ಹೇಳುವಷ್ಟು. ನುರಿತ ಉದ್ಯೋಗಿ ಪರವಾನಗಿಯ ಮೇಲೆ ಹೋದವರ ಗಂಡ ಅಥವಾ ಹೆಂಡತಿಗೆ ಈ ಪರೀಕ್ಷೆಯಿಂದ ವಿನಾಯಿತಿ ಇದೆ.

ಹೀಗೆ ನರ್ಸ್ ಆಗಬೇಕಾದವರಿಗೆ, ಮದುವೆಯಾಗಿ ಹೊರಟವರಿಗೆ, ಅಲ್ಲಿ ನೆಲೆ ನಿಲ್ಲಬೇಕಾದವರಿಗೆ ಡಚ್ ಅಗತ್ಯ. ಉಳಿದವರಿಗೆ ಅದು ಆಸೆ. ಆಸೆಗೆ ಕಲಿಯುವುದೂ ಒಳ್ಳೆಯದೇ, ಆದರೆ ಆಸೆಯ ಮೇಲೆ ಸಾಲ ಮಾಡಬೇಡಿ.

ಡಚ್‌ಗೆ ಜೊತೆಗಾರರು ಎಲ್ಲಿ?

ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ ನೋಡಲು ಬರುವ ಪ್ರವಾಸಿಗರಲ್ಲಿ ಡಚ್ಚರೂ ಇರಬಹುದು. ಆದರೆ ಒಂದು ಗಂಟೆ ಫೋಟೊ ತೆಗೆದು ಹೋಗುವವರು ಜೊತೆಗಾರರಾಗುವುದಿಲ್ಲ. ವಾರ ವಾರ ಸಿಗುವವರು ಬೇಕು. ಅದಕ್ಕೆ ಮೂರು ದಾರಿಗಳಿವೆ.

ಒಂದು, ನೆದರ್ಲ್ಯಾಂಡ್ಸ್‌ನಲ್ಲಿರುವ ಕನ್ನಡ ಮನೆಗಳು. ಐಂಡ್‌ಹೋವನ್, ಆಮ್ಸ್ಟೆಲ್ವೇನ್‌ನಂಥ ಊರುಗಳಲ್ಲಿ ಭಾರತದಿಂದ ಹೋದ ಕುಟುಂಬಗಳು ಬಹಳ ಇವೆ. ಅಲ್ಲಿ 5 ವರ್ಷ ತುಂಬಿದ ಮಗುವಿಗೆ ಶಾಲೆ ಕಡ್ಡಾಯ, 4ಕ್ಕೇ ಸೇರಿಸುವವರು ಹೆಚ್ಚು. ಡಚ್ ಶಾಲೆಗೆ ಹೋಗುವ ಮಗುವಿಗೆ ಡಚ್ ನೀರು ಕುಡಿದಷ್ಟು ಸುಲಭ, ಆದರೆ ಭಾಲ್ಕಿಯ ಅಜ್ಜಿ ಫೋನಿನಲ್ಲಿ ‘ಊಟ ಆತೇನ್ರಿ ಅಪ್ಪಾ?’ ಎಂದರೆ ಉತ್ತರ ಕೊಡಲು ತಡಕಾಡುತ್ತದೆ. ನಿಮಗೆ ಬೇಕಾದದ್ದು ಆ ಮನೆಯಲ್ಲಿದೆ, ಆ ಮನೆಗೆ ಬೇಕಾದದ್ದು ನಿಮ್ಮಲ್ಲಿದೆ. ಪರಿಚಯದ ಕುಟುಂಬದ ಮೂಲಕ ಕೇಳಿ. ಮಕ್ಕಳ ಜೊತೆ ಮಾತಾಡುವಾಗ ಅಪ್ಪ ಅಥವಾ ಅಮ್ಮ ಎದುರಿಗೇ ಇರಬೇಕು ಎನ್ನುವುದು ನಿಮ್ಮ ಕಡೆಯಿಂದಲೇ ಬರುವ ಷರತ್ತಾಗಿರಲಿ.

ಎರಡು, ಸುರಿನಾಮ್ ಮೂಲದ ಹಿಂದೂಸ್ತಾನಿಗಳು. 1873ರ ಜೂನ್ 5ರಂದು ‘ಲಾಲಾ ರೂಖ್’ ಹಡಗು ಭಾರತದ ಕೂಲಿಗಳನ್ನು ಹೊತ್ತು ಡಚ್ಚರ ವಸಾಹತಾಗಿದ್ದ ಸುರಿನಾಮ್ ತಲುಪಿತು. ಅವರ ಮಕ್ಕಳು ಮರಿಮಕ್ಕಳಲ್ಲಿ ಬಹಳ ಜನ ಈಗ ನೆದರ್ಲ್ಯಾಂಡ್ಸ್‌ನಲ್ಲಿದ್ದಾರೆ, ಅದರಲ್ಲೂ ಹೇಗ್ ನಗರದಲ್ಲಿ. ಮನೆಯಲ್ಲಿ ಭೋಜ್‌ಪುರಿ, ಅವಧಿ ಬೇರಿನ ‘ಸರ್ನಾಮಿ’, ಹೊರಗೆ ಡಚ್. ಹಿಂದಿ ಕಲಿಯಬೇಕೆಂಬ ಆಸೆ ಇರುವವರು ಇವರಲ್ಲಿ ಸಿಗಬಹುದು. ಬೀದರ್‌ನವರ ಹಿಂದಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೂರು, ಟ್ಯಾಂಡಮ್, ಹೆಲೋಟಾಕ್‌ನಂಥ ಭಾಷಾ ವಿನಿಮಯದ ಆ್ಯಪ್‌ಗಳು. ನಿಮ್ಮ ಪರಿಚಯದಲ್ಲಿ ‘ಹಿಂದಿ, ಉರ್ದು, ಮರಾಠಿ, ಕನ್ನಡ ಕಲಿಸುತ್ತೇನೆ, ಡಚ್ ಬೇಕು’ ಎಂದು ಸ್ಪಷ್ಟವಾಗಿ ಬರೆಯಿರಿ. ಕನ್ನಡ ಒಂದನ್ನೇ ಬರೆದರೆ ಹುಡುಕಿ ಬರುವವರು ಕಡಿಮೆ.

ಇಲ್ಲಿ ಒಂದು ಲಾಭವೂ ಒಂದು ತೊಡಕೂ ಇದೆ. ಇಂಗ್ಲಿಷ್ ತಾಯ್ನುಡಿ ಅಲ್ಲದ ದೇಶಗಳ ಇಂಗ್ಲಿಷ್ ಮಟ್ಟವನ್ನು ಅಳೆಯುವ ಇಎಫ್ ಸೂಚ್ಯಂಕದಲ್ಲಿ ನೆದರ್ಲ್ಯಾಂಡ್ಸ್ ಹಲವು ವರ್ಷ ಮೊದಲ ಸ್ಥಾನದಲ್ಲಿದೆ. ಹಾಗಾಗಿ ಒಬ್ಬರೇ ಜೊತೆಗಾರರಿಂದ ಡಚ್, ಇಂಗ್ಲಿಷ್ ಎರಡೂ ಸಿಗುತ್ತವೆ. ಆದರೆ ನೀವು ಡಚ್‌ನಲ್ಲಿ ಸ್ವಲ್ಪ ತಡವರಿಸಿದರೂ ಅವರು ಇಂಗ್ಲಿಷ್‌ಗೆ ಹೊರಳುತ್ತಾರೆ. ‘ಮೊದಲ 20 ನಿಮಿಷ ಡಚ್ ಮಾತ್ರ’ ಎಂದು ಮೊದಲೇ ಮಾತಾಡಿಕೊಳ್ಳಿ.

ಸಮಯವನ್ನೂ ನೋಡಿಕೊಳ್ಳಿ. ನೆದರ್ಲ್ಯಾಂಡ್ಸ್ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ ಇರುತ್ತದೆ. ನಮ್ಮ ಭಾನುವಾರ ಮಧ್ಯಾಹ್ನ 3 ಅಲ್ಲಿ ಬೆಳಿಗ್ಗೆ ಹತ್ತೂವರೆ ಅಥವಾ ಹನ್ನೊಂದೂವರೆ. ಇಬ್ಬರಿಗೂ ಅನುಕೂಲದ ಹೊತ್ತು.

ಬೀದರ್ ನಾಲಿಗೆಗೆ ಡಚ್ ಎಷ್ಟು ದೂರ?

ನೀವು ಅಂದುಕೊಂಡಷ್ಟು ದೂರ ಇಲ್ಲ. ನಾವು ದಿನಾ ಬಳಸುವ ‘ಬಾಸ್’ ಪದವೇ ಡಚ್‌ನ ‘ಬಾಸ್’ ಎಂಬುದರಿಂದ ಇಂಗ್ಲಿಷ್‌ಗೆ ಬಂದದ್ದು. ‘ಕುಕೀ’ ಕೂಡ ಹಾಗೆಯೇ.

ಡಚ್‌ನಲ್ಲಿ ಹೊಸಬರನ್ನು ಹೆದರಿಸುವುದು ಗಂಟಲಿನಿಂದ ಉಜ್ಜಿ ಬರುವ ‘ಖ಼’ ಸದ್ದು. ಶುಭೋದಯ ಎನ್ನಲು ‘ಖ಼ೂಡೆ ಮಾರ್‌ಖ಼ೆ’ ಎನ್ನಬೇಕು. ‘ಕಲಮ್’ ಅನ್ನು ‘ಖ಼ಲಮ್’ ಎನ್ನುವ ದಖ್ಖನಿ ಮಾತಿನವರಿಗೆ ಈ ಸದ್ದು ಹುಟ್ಟಿನಿಂದಲೇ ಬಂದಿದೆ.

21ಕ್ಕೆ ಡಚ್ಚರು ‘ಏನ್-ಎನ್-ಟ್ವಿಂಟಖ಼್’, ಅಂದರೆ ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಕನ್ನಡದಲ್ಲಿ ಇಪ್ಪತ್ತು ಮೊದಲು. ಆದರೆ ಮರಾಠಿಯ ‘ಏಕವೀಸ್’ ಬಲ್ಲ ಔರಾದ್‌ನವರಿಗೆ ಒಂದು ಮೊದಲು ಬರುವುದು ಹೊಸದಲ್ಲ.

‘ಏಕೆಂದರೆ ನಾನು ಬೀದರ್‌ನಲ್ಲಿ ಇರುತ್ತೇನೆ’ ಎನ್ನಲು ಡಚ್‌ನಲ್ಲಿ ‘ಓಮ್‌ದಾತ್ ಇಕ್ ಇನ್ ಬೀದರ್ ವೋನ್’. ಕ್ರಿಯಾಪದ ‘ವೋನ್’ ಕನ್ನಡದ ಹಾಗೇ ಕೊನೆಗೆ ಬಂತು. ಎಲ್ಲ ವಾಕ್ಯಗಳಲ್ಲೂ ಹೀಗಿಲ್ಲ, ಆದರೆ ಇಂಥ ಜೋಡಿ ವಾಕ್ಯಗಳಲ್ಲಿ ಕನ್ನಡಿಗರಿಗೆ ಅನುಕೂಲ. ನಮ್ಮ ‘ನೀವು’ ಮತ್ತು ‘ನೀನು’ ಹಾಗೆ ಗೌರವಕ್ಕೊಂದು, ಸಲುಗೆಗೊಂದು ಪದವೂ ಅಲ್ಲಿದೆ.

ನಂಬಿಕೆ ಮತ್ತು ವಾಸ್ತವ

‘30 ದಿನದಲ್ಲಿ ಫ್ಲೂಯೆಂಟ್.’ ಸುಳ್ಳು. ಡಚ್ ಎಂದರೆ ಇಂಗ್ಲಿಷ್‌ನ ಹತ್ತಿರದ ಸಂಬಂಧಿ. ಆದರೂ ಅದನ್ನು ವೃತ್ತಿಗೆ ಸಾಕಾಗುವಷ್ಟು ಕಲಿಸಲು, ಇಂಗ್ಲಿಷ್ ತಾಯ್ನುಡಿಯ ರಾಜತಾಂತ್ರಿಕರಿಗೇ ಸುಮಾರು 600 ತರಗತಿ ಗಂಟೆ ಬೇಕು ಎನ್ನುತ್ತದೆ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ. 600 ಗಂಟೆಯನ್ನು 30 ದಿನಕ್ಕೆ ಹಂಚಿ. ದಿನಕ್ಕೆ 20 ಗಂಟೆ ಆಯಿತು. ಊಟ, ನಿದ್ದೆ ಯಾವಾಗ? 30 ದಿನದಲ್ಲಿ ಪರಿಚಯ ಹೇಳಿಕೊಳ್ಳಲು, ಬೆಲೆ ಕೇಳಲು ಬರಬಹುದು. ಅದೂ ಸಣ್ಣ ಗಳಿಕೆ ಅಲ್ಲ.

‘ವಯಸ್ಸಾದ ಮೇಲೆ ಭಾಷೆ ಬರಲ್ಲ.’ ಅರ್ಧ ಸತ್ಯ. ಸುಮಾರು 6 ಲಕ್ಷ 70 ಸಾವಿರ ಜನರ ಇಂಗ್ಲಿಷ್ ವ್ಯಾಕರಣವನ್ನು ಆನ್‌ಲೈನ್‌ನಲ್ಲಿ ಪರೀಕ್ಷಿಸಿದ 2018ರ ಅಧ್ಯಯನದ ಪ್ರಕಾರ, ವ್ಯಾಕರಣ ಹಿಡಿಯುವ ಶಕ್ತಿ 17-18ರ ವಯಸ್ಸಿನವರೆಗೂ ಚುರುಕಾಗಿದ್ದು ನಂತರ ಇಳಿಯುತ್ತದೆ. ಇಳಿಯುತ್ತದೆ ಎಂದರೆ ನಿಲ್ಲುತ್ತದೆ ಎಂದಲ್ಲ. ದೊಡ್ಡವರು ಹುಟ್ಟಿನವರಂತೆ ಮಾತಾಡದಿರಬಹುದು, ಕೆಲಸ ನಡೆಯುವಷ್ಟು ಖಂಡಿತ ಕಲಿಯುತ್ತಾರೆ.

‘ಜೊತೆಗಾರ ಸಿಕ್ಕರೆ ಓದು ಬೇಡ.’ ತಪ್ಪು. ವಾರಕ್ಕೆ ಎರಡು ಗಂಟೆ ಮಾತಾಡಿಯೇ 600 ಗಂಟೆ ಮುಟ್ಟಲು ಸುಮಾರು ಆರು ವರ್ಷ ಬೇಕು. ದಿನಾ ಅರ್ಧ ಗಂಟೆ ಓದು, ಕೇಳು ಇರಲೇಬೇಕು. ಡಚ್ಚರ ಮಕ್ಕಳ ವಾರ್ತೆ ‘ಯೂಖ್ಟ್‌ಜುರ್ನಾಲ್’ ಯೂಟ್ಯೂಬ್‌ನಲ್ಲಿ ಉಚಿತ, ಭಾಷೆಯೂ ಸರಳ.

ಒಂದು ಗಂಟೆಯನ್ನು ಹೀಗೆ ಬಳಸಿ

1. ವಿಷಯ ಮೊದಲೇ ಗೊತ್ತಿರಲಿ: ಸಂತೆ, ಡಾಕ್ಟರ್ ಹತ್ತಿರ ಹೋಗುವುದು, ಇಂಟರ್‌ವ್ಯೂ.
2. ಮೊಬೈಲ್‌ನಲ್ಲಿ ಟೈಮರ್ ಇಡಿ. ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಿಮ್ಮದು. ಇಬ್ಬರಿಗೂ ಬರುವ ಹಿಂದಿಗೆ ಜಾರಿದರೆ ಮತ್ತೆ ಹಿಂದಿರುಗಿ.
3. ಪ್ರತಿ ತಪ್ಪಿಗೂ ತಡೆಯಬೇಡಿ. ಬರೆದಿಟ್ಟುಕೊಂಡು ಕೊನೆಯ ಐದು ನಿಮಿಷದಲ್ಲಿ ಹೇಳಿ.
4. ಐದು ಹೊಸ ವಾಕ್ಯ ಬರೆದುಕೊಳ್ಳಿ. ಮರುದಿನ, ಮತ್ತೆ ವಾರ ಬಿಟ್ಟು ಓದಿ.
5. ನಾಲ್ಕು ವಾರ ಆದ ಮೇಲೆ ಮುಂದುವರಿಸಬೇಕೇ ಎಂದು ಇಬ್ಬರೂ ಕೇಳಿಕೊಳ್ಳಿ. ಬೇಡ ಎಂದರೆ ಬೇಸರ ಬೇಡ.

ಮೋಸವನ್ನು ಗುರುತಿಸುವುದು ಹೇಗೆ?

ಕಥೆ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. ‘ಭಾಷೆ ಕಲಿಯುವ’ ವಿದೇಶಿ ಗೆಳೆಯ ಎರಡು ವಾರ ಸಿಹಿಯಾಗಿ ಮಾತಾಡುತ್ತಾನೆ. ವಿಡಿಯೊ ಕಾಲ್‌ಗೆ ಏನಾದರೊಂದು ನೆಪ. ಆಮೇಲೆ ‘ನಿನಗೊಂದು ಗಿಫ್ಟ್ ಕಳಿಸಿದ್ದೇನೆ’ ಎನ್ನುತ್ತಾನೆ. ಮರುದಿನ ‘ದೆಹಲಿ ಕಸ್ಟಮ್ಸ್’ ಹೆಸರಿನಲ್ಲಿ ಕರೆ: ಪಾರ್ಸೆಲ್‌ನಲ್ಲಿ ಬಂಗಾರ, ವಿದೇಶಿ ನೋಟು ಇದೆ, ಸುಂಕ ಕಟ್ಟಿ, ಇಲ್ಲದಿದ್ದರೆ ಕೇಸು. ಹೆದರಿದವರು ಕಟ್ಟುತ್ತಾರೆ. ಒಂದು ಸಲ ಕಟ್ಟಿದರೆ ಇನ್ನೊಂದು ಶುಲ್ಕ ಹುಟ್ಟುತ್ತದೆ.

ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಖಾತೆಗೆ ಸುಂಕ ಹಾಕಲು ಫೋನಿನಲ್ಲಿ ಕೇಳುವುದಿಲ್ಲ. ಈ ಬಗ್ಗೆ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ. ಇಲಾಖೆಯ ಪತ್ರಗಳ ಮೇಲೆ ‘ಡಿಐಎನ್’ ಎಂಬ ಸಂಖ್ಯೆ ಇರುತ್ತದೆ. ಅದು ಅಸಲಿಯೇ ಎಂದು ಇಲಾಖೆಯ ವೆಬ್‌ಸೈಟಿನಲ್ಲಿ ನೋಡಬಹುದು.

ಕೆಲಸದ ಆಸೆ ತೋರಿಸಿದರೆ, ಆ ಏಜೆಂಟ್ ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಪೋರ್ಟಲ್‌ನಲ್ಲಿ ನೋಂದಣಿ ಆಗಿದ್ದಾರೆಯೇ ನೋಡಿ. ನೋಂದಾಯಿತ ಏಜೆಂಟ್ ಕೂಡ ತನ್ನ ಸೇವೆಗೆ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.

ಆಧಾರ್, ಪಾಸ್‌ಪೋರ್ಟ್ ಪ್ರತಿ, ಒಟಿಪಿ, ಖಾಸಗಿ ಫೋಟೊ ಯಾವುದೂ ಭಾಷೆ ಕಲಿಯಲು ಬೇಕಿಲ್ಲ. ಮೊದಲ ಕೆಲವು ವಾರ ಆ್ಯಪ್‌ನೊಳಗೇ ಮಾತಾಡಿ, ವಾಟ್ಸ್‌ಆ್ಯಪ್ ನಂಬರ್ ಕೊಡಬೇಡಿ.

ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಹಣ ಹೋಗದಿದ್ದರೂ ಸಂಶಯದ ಕರೆ ಬಂದಿದ್ದರೆ ‘ಸಂಚಾರ್ ಸಾಥಿ’ಯ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು. ಮೋಸ ಹೋದವರನ್ನು ಮನೆಯವರು ಬೈಯಬೇಡಿ. ಬೈಗುಳದ ಭಯಕ್ಕೆ ಮುಚ್ಚಿಟ್ಟ ಆ ಒಂದೆರಡು ದಿನವೇ ಮೋಸಗಾರರಿಗೆ ಸಾಕಾಗುತ್ತದೆ.

ಕೊನೆಗೆ

ಈ ವಾರ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ನಿಮಗೆ ಬರುವ ಭಾಷೆಗಳನ್ನೆಲ್ಲ ಬರೆಯಿರಿ. ದಖ್ಖನಿ, ಲಂಬಾಣಿಯನ್ನೂ ಬಿಡಬೇಡಿ. ಪಕ್ಕದಲ್ಲಿ ಬೇಕಾದ ಭಾಷೆ ಬರೆಯಿರಿ. ನಿಮ್ಮ ಓಣಿ, ಕಾಲೇಜು, ಬ್ಯಾಂಕು, ದೂರದ ನೆಂಟರಲ್ಲಿ ಆ ಹಾಳೆ ಯಾರಿಗೆ ಹೊಂದುತ್ತದೆ ಎಂದು ಯೋಚಿಸಿ, ಒಬ್ಬರನ್ನು ಕೇಳಿ.

‘ಫ್ರೀ ಫಾರಿನ್ ಪಾರ್ಟ್ನರ್’ ಮೆಸೇಜ್ ಬಂದ ಗ್ರೂಪಿಗೆ ಇದನ್ನೂ ಕಳಿಸಿ. ಅಲ್ಲಿ ಯಾರೋ ಒಬ್ಬರು ಈಗಾಗಲೇ ಆ ಲಿಂಕ್ ಒತ್ತಿರಬಹುದು.